ಒಂದೇ ಫೋನಿನ ಶಾಲೆ

ನಮ್ಮ ಯಜಮಾನರು ನಿತ್ಯಾನಂದ, ನಿಲಾಯ್ ಎಂಬ ಊರಿನ ಕಾಲೇಜೊಂದರಲ್ಲಿ ಡಾಕ್ಟರಾಗುವ ಹುಡುಗರಿಗೆ ಪಾಠ ಮಾಡುತ್ತಾರೆ. ನಾನು ಸುಮತಿ, ಉಡುಪಿಯ ಹೈಸ್ಕೂಲಿನಲ್ಲಿ ಗಣಿತದ ಟೀಚರಾಗಿದ್ದವಳು. ಈ ಮಲೇಶಿಯಾಕ್ಕೆ ಗಂಡನ ವೀಸಾ ಪಾಸಿನ ಬಾಲ ಹಿಡಿದುಕೊಂಡು ಬಂದೆ, ಹಾಗಾಗಿ ಇಲ್ಲಿ ಕೆಲಸ ಮಾಡುವಂತಿಲ್ಲ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯಲ್ಲಿ ಹೇಳುತ್ತಾರೆ. ಇರಲಿ, ನನ್ನ ಮೂಗು, ನನ್ನ ಸಿಟ್ಟು. ಆದರೆ ಕೊರೊನಾದ ಎರಡನೇ ವರ್ಷ ಬಂದ ಸಿಟ್ಟು ಇನ್ನೂ ಇಳಿದಿಲ್ಲ, ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಮನೆಗೆಲಸಕ್ಕೆ ಬರುತ್ತಿದ್ದ ರತ್ನಮ್ಮ ಊರಾಚೆಯ ತಾಳೆಎಣ್ಣೆ ತೋಟದ ಕೂಲಿಯವರ ಲೈನುಮನೆಯವಳು. ಅವಳ ಅಜ್ಜನ ಕಾಲದಿಂದಲೂ ಅಲ್ಲೇ ಇದ್ದಾರೆ. ಮೊಮ್ಮಗಳು ತವಮಣಿ ತೋಟದ ತಮಿಳು ಶಾಲೆಯಲ್ಲಿ ಮೂರನೇ ಕ್ಲಾಸು. ರಜೆಯಲ್ಲಿ ಅಜ್ಜಿಯ ಜೊತೆ ಬಂದು ನಮ್ಮ ಅಡಿಗೆಮನೆಯ ನೆಲದ ಮೇಲೆ ಕೂತು ನನ್ನಿಂದ ಮಗ್ಗಿ ಹೇಳಿಸಿಕೊಳ್ಳುತ್ತಿದ್ದಳು. ಲಾಕ್‌ಡೌನ್ ಆದಮೇಲೆ ಇಬ್ಬರೂ ಬರುವುದು ನಿಂತಿತು, ಫೋನಿನಲ್ಲಷ್ಟೇ ಮಾತು. ರತ್ನಮ್ಮನದು ತಮಿಳು, ನನ್ನದು ತಮಿಳೂ ಅಲ್ಲದ ಕನ್ನಡವೂ ಅಲ್ಲದ ಒಂದು ಕಲಬೆರಕೆ. ಆದರೂ ಜಗಳವಾಡುವಷ್ಟು ಅರ್ಥವಾಗುತ್ತಿತ್ತು.

ಶಾಲೆ ಮುಚ್ಚುತ್ತಾರಂತೆ ಎಂದು ಅವಳು ಹೇಳಿದ್ದೂ ಫೋನಿನಲ್ಲೇ. ಅಳುತ್ತಿರಲಿಲ್ಲ, ಹಲ್ಲು ಕಚ್ಚಿಕೊಂಡು ಹೇಳುತ್ತಿದ್ದಳು.

ಆ ಶಾಲೆಯದು ಹಳೆಯ ಗೋಳು. ಅದು ನಿಂತಿರುವ ನೆಲ ತೋಟದ ಕಂಪನಿಯದು. ನೆಲ ಸರ್ಕಾರದ್ದಲ್ಲವಾದ್ದರಿಂದ ಸರ್ಕಾರದ ನೆರವೂ ಅರೆಬರೆ. ಮೇಷ್ಟ್ರುಗಳ ಸಂಬಳ ಬರುತ್ತದೆ, ಮಾಡಿನ ತಗಡಿಗೆ ಬರುವುದಿಲ್ಲ. ಕಂಪನಿಯನ್ನು ಕೇಳಿದರೆ ಶಾಲೆ ಸರ್ಕಾರದ್ದಲ್ಲವೇ ಎನ್ನುತ್ತಾರೆ. ಮಳೆಗಾಲಕ್ಕೆ ಮೊದಲು ಅಪ್ಪಂದಿರೇ ಮಾಡು ಹತ್ತಿ ತೇಪೆ ಹಾಕುತ್ತಾರೆ. ಇಷ್ಟರ ಮೇಲೆ ಹೊಸ ಸುತ್ತೋಲೆ ಬಂದಿತ್ತು: ಆನ್‌ಲೈನ್ ತರಗತಿಯಲ್ಲಿ ಅರ್ಧಕ್ಕಿಂತ ಕಡಿಮೆ ಹಾಜರಾತಿ ಇರುವ ಸಣ್ಣ ಶಾಲೆಗಳನ್ನು ಮುಂದಿನ ವರ್ಷದಿಂದ ಪೇಟೆಯ ಶಾಲೆಗೆ ಸೇರಿಸುವುದು. ಬಹುಪಾಲು ಪೋಷಕರು ಆಕ್ಷೇಪಿಸಿದರೆ ಮಾತ್ರ ಬಿಡುವುದು.

ತೋಟದ ಶಾಲೆಯ ಹಾಜರಾತಿ ಅರ್ಧವಲ್ಲ, ಹತ್ತರಲ್ಲೊಂದು ಪಾಲೂ ಇರಲಿಲ್ಲ. ಆದರೆ ಒಂದು ಮಗುವೂ ತಪ್ಪಿಸಿಕೊಂಡಿರಲಿಲ್ಲ.

ಆಗಿದ್ದಿಷ್ಟು. ಲೈನುಮನೆಗಳಲ್ಲಿ ಸಿಗ್ನಲ್ ಇಲ್ಲ. ತಾಳೆಮರಗಳ ನಡುವಿನ ಗುಡ್ಡದ ಮೇಲೆ, ಮುನಿಯಾಂಡಿಯ ಗುಡಿಯ ಹತ್ತಿರ ಮಾತ್ರ ಸಿಗುತ್ತದೆ. ಸರಿಯಾಗಿ ನಡೆಯುವ ಫೋನ್ ಇದ್ದದ್ದು ರತ್ನಮ್ಮನ ಮಗನದೊಂದೇ. ತೋಟದವರೆಲ್ಲ ಸೇರಿ ಅದೊಂದಕ್ಕೇ ಡೇಟಾ ಹಾಕಿಸುತ್ತಿದ್ದರು. ಬೆಳಿಗ್ಗೆಯಾದರೆ ಮಕ್ಕಳೆಲ್ಲ ಗುಡ್ಡ ಹತ್ತಿ ಗುಡಿಯ ಕಟ್ಟೆಯಲ್ಲಿ ಫೋನ್ ಒರಗಿಸಿ, ಮಾಸ್ಕ್ ಹಾಕಿಕೊಂಡು ದೂರದೂರ ಕೂರುತ್ತಿದ್ದರು. ಹೆಡ್‌ಮಿಸ್ಟ್ರೆಸ್ ಕುಮುದವಲ್ಲಿ ಸೆರೆಂಬಾನ್ ಪಟ್ಟಣದ ತಮ್ಮ ಮನೆಯಿಂದ ಹೆಸರು ಕೂಗುತ್ತಿದ್ದರು, ಮಕ್ಕಳು ಒಬ್ಬೊಬ್ಬರಾಗಿ ಓಗೊಡುತ್ತಿದ್ದರು. ಇಲಾಖೆಯ ಕಂಪ್ಯೂಟರಿಗೆ ಓಗೊಟ್ಟದ್ದು ಕೇಳಿಸುವುದಿಲ್ಲವಲ್ಲ. ಅದು ಎಣಿಸಿದ್ದು ಫೋನನ್ನು. ಹಾಜರಿ: ಒಂದು. ಕುಮುದವಲ್ಲಿ ಕೈಯಾರೆ ಬರೆದು ಕಳಿಸಿದ ಹಾಜರಿ ನಿಯಮದ ಪ್ರಕಾರ ಇಲ್ಲವೆಂದು ವಾಪಸು ಬಂತು.

ಪೇಟೆಯ ಶಾಲೆಗೆ ಎರಡು ಬಸ್ಸು ಬದಲಿಸಬೇಕು. ತಾಯ್ತಂದೆಯರು ಕತ್ತಲಿರುವಾಗಲೇ ತಾಳೆಗೊನೆ ಕೊಯ್ಯಲು ಹೋಗುವವರು. ರತ್ನಮ್ಮನ ಮಗಳು, ತವಮಣಿಯ ತಾಯಿ, ಹೈಸ್ಕೂಲಿಗೆಂದು ಪೇಟೆಗೆ ಹೋಗುತ್ತಿದ್ದವಳು ಬಸ್ಸು ನಿಂತದ್ದೇ ಶಾಲೆಯನ್ನೂ ಬಿಟ್ಟಳು. ಹದಿನೈದಕ್ಕೆ ತೋಟದ ಕೆಲಸಕ್ಕೆ ಸೇರಿದಳು. ಮೊಮ್ಮಗಳೂ ಹಾಗಾಗುವುದು ರತ್ನಮ್ಮನಿಗೆ ಬೇಡ. ಅವಳಿಗೆ ಬೇಕಾಗಿದ್ದು ಅಷ್ಟೇ.

ಆಕ್ಷೇಪ ಕೇಳುವ ಸಭೆಯೂ ಆನ್‌ಲೈನಿನಲ್ಲೇ ಎಂದು ಗೊತ್ತಾಯಿತು. ಆ ದಿನ ತೋಟಕ್ಕೆ ಹೋಗಿ ಅವರ ಜೊತೆ ಇರೋಣವೆಂದು ನಾನು ಕಾರಿನ ಕೀಲಿಕೈ ತೆಗೆದುಕೊಂಡೆ. ನಿತ್ಯಾನಂದ ಬಾಗಿಲಿಗೆ ಅಡ್ಡ ನಿಂತರು.

"ಪಾಸ್ ರಿನ್ಯೂಗೆ ಹಾಕಿದ್ದೇವೆ. ಗುಂಪು ಸೇರಿದ್ದಕ್ಕೆ ಪೊಲೀಸ್ರು ಹಿಡಿದ್ರೆ ಏನು ಮಾಡ್ತಿ? ಅವರ ಶಾಲೆ, ಅವರ ಸರ್ಕಾರ. ನಿಂಗ್ಯಾಕೆ ಮಾರಾಯ್ತಿ?"

"ನಾನು ಓದಿದ ಶಾಲೇನೂ ಮಕ್ಕಳು ಕಡಿಮೆ ಅಂತ್ಲೇ ಮುಚ್ಚಿದ್ದು. ಈಗ ಅಲ್ಲಿ ಸಿಮೆಂಟ್ ಮೂಟೆ ಇಡ್ತಾರೆ. ಆವಾಗ್ಲೂ ಎಲ್ರೂ ನಂಗ್ಯಾಕೆ ಅಂತ್ಲೇ ಹೇಳಿದ್ದು."

ಮಗಳು ಸಮೀಕ್ಷಾ ಲ್ಯಾಪ್‌ಟಾಪಿನಿಂದ ತಲೆಯೆತ್ತದೆ, ಇಲ್ಲಿಯವರ ಧಾಟಿಯಲ್ಲೇ, "ಲೆಟ್ ಹರ್ ಗೋ ಲಾ, ಅಪ್ಪಾ" ಎಂದಳು. ಪೊಲೀಸರು ಕೇಳಿದರೆ ದಿನಸಿ ಕೊಡಲು ಹೊರಟೆ ಎನ್ನುವುದಕ್ಕಾಗಿ ಡಿಕ್ಕಿಯಲ್ಲಿ ಅಕ್ಕಿ ಮೂಟೆ ಹಾಕಿಕೊಂಡು ಹೋದೆ.

ಗುಡ್ಡದ ಮೇಲೆ ತೋಟವೆಲ್ಲ ಸೇರಿತ್ತು. ಒಂದೊಂದು ಮರದ ಬುಡಕ್ಕೆ ಒಬ್ಬೊಬ್ಬರು. ಕುಮುದವಲ್ಲಿ ಮೊದಲೇ ಎಚ್ಚರಿಸಿದ್ದರು: ಗುಂಪು ಸೇರುವುದು ಅಪರಾಧ, ಕ್ಯಾಮೆರಾದಲ್ಲಿ ಒಂದು ಸಲಕ್ಕೆ ಒಂದೇ ಮುಖ ಕಾಣಬೇಕು, ಫೋನ್ ಕೈಯಿಂದ ಕೈಗೆ ದಾಟಿಸುತ್ತಾ ಒಬ್ಬೊಬ್ಬರೇ ಆಕ್ಷೇಪ ಹೇಳಬೇಕು. ಹಾಗೇ ಮಾಡಿದರು. ಮೂರು ಜನ ಹೇಳುವಷ್ಟರಲ್ಲಿ ಪರದೆಯಲ್ಲಿದ್ದ ಇಲಾಖೆಯ ಅಧಿಕಾರಿ ಕೈಯೆತ್ತಿ ನಿಲ್ಲಿಸಿದ. ಕೆಟ್ಟ ಮನುಷ್ಯನೇನಲ್ಲ, ನಯವಾಗಿಯೇ ಮಾತಾಡಿದ. ಇದು ಒಂದೇ ಫೋನು, ಆದ್ದರಿಂದ ಒಬ್ಬರೇ ಪೋಷಕರೆಂದು ಲೆಕ್ಕ, ಉಳಿದವರಿಗೆ ಆಕ್ಷೇಪವಿಲ್ಲವೆಂದು ಬರೆದುಕೊಳ್ಳುತ್ತೇನೆ ಎಂದ.

ಮಕ್ಕಳಿಗೆ ಮಾಡಿದ್ದನ್ನೇ ಈಗ ಅಪ್ಪ ಅಮ್ಮಂದಿರಿಗೂ ಮಾಡುತ್ತಿದ್ದ. ನನ್ನ ಮೈ ಉರಿಯಿತು. ಅಷ್ಟರಲ್ಲಿ ರತ್ನಮ್ಮ ಫೋನ್ ಕಸಿದುಕೊಂಡಳು. ಬೇಡ ಬೇಡ ಎಂದು ಕುಮುದವಲ್ಲಿ ಅತ್ತಲಿಂದ ಹೇಳುತ್ತಲೇ ಇದ್ದರು. ಅವಳು ತೋಳೆತ್ತಿ ಫೋನನ್ನು ನಿಧಾನವಾಗಿ ಒಂದು ಸುತ್ತು ತಿರುಗಿಸಿದಳು. ಮರಮರದ ಬುಡದಲ್ಲೂ ಜನ. ಫೋನ್ ನನ್ನತ್ತ ಬಂದಾಗ ಗಂಡನ ಮಾತು ನೆನಪಾಗಿ ನಾನು ಮರದ ಹಿಂದೆ ಸರಿದೆ.

ಅಧಿಕಾರಿ ಪರದೆಗೆ ಮುಖ ಹತ್ತಿರ ತಂದು ನೋಡಿದ. ಆಮೇಲೆ, ಇದು ಕಾನೂನಿಗೆ ವಿರುದ್ಧ, ನೋಡಿದ ಮೇಲೆ ಪೊಲೀಸರಿಗೆ ತಿಳಿಸದೆ ನನಗೆ ಬೇರೆ ದಾರಿಯಿಲ್ಲ ಎಂದ.

ರತ್ನಮ್ಮ ಮಲಯ ಭಾಷೆಯಲ್ಲಿ ಹೇಳಿದ್ದನ್ನು ನನಗೆ ತಿಳಿದ ಕನ್ನಡದಲ್ಲಿ ಬರೆಯುತ್ತೇನೆ.

"ತಿಳಿಸಿ ಸಾರ್. ದಂಡ ಹಾಕ್ಲಿ. ಆದ್ರೆ ಫೋನಿಗೆ ಹಾಕೋದು ಬೇಡ. ಒಬ್ಬೊಬ್ಬರ ಹೆಸರಿಗೆ ಬೇರೆಬೇರೆ ಹಾಕ್ಲಿ. ನಾವು ಇಲ್ಲೇ ಕೂತಿರ್ತೀವಿ."

ಕೂತೇ ಇದ್ದರು. ಯಾರೋ ಮನೆಯಿಂದ ಒಂದು ಕ್ಯಾನಿನಲ್ಲಿ ಚಹಾ ತಂದರು. ಜೀಪು ಗುಡ್ಡ ಹತ್ತಿ ಬಂದಾಗ ಒಬ್ಬರೂ ಓಡಲಿಲ್ಲ. ಅಪರಾಧಿಗಳು ಸಾಲಾಗಿ ಬಂದು, ಮೀಟರು ಬಿಟ್ಟು ನಿಂತು, ನಾನೂ ಇವಳ ತಾಯಿ, ನಾನೂ ಇವನ ಅಪ್ಪ ಎಂದು ಮೇಲೆ ಬಿದ್ದು ಹೆಸರು ಬರೆಸುವುದನ್ನು ಆ ಪೊಲೀಸಿನವನು ಹಿಂದೆಂದೂ ನೋಡಿರಲಾರ. ಬರೆದೂ ಬರೆದೂ ಅವನ ಪೆನ್ನಿನ ಶಾಯಿ ಮುಗಿಯಿತು. ರತ್ನಮ್ಮ ತವಮಣಿಯ ಶಾಲೆಯ ಪೆನ್ನು ಕೊಟ್ಟಳು.

ನಾನು ಇನ್ನೂ ಮರದ ಹಿಂದೆಯೇ ಇದ್ದೆ. ನಾಚಿಕೆಯಾಯಿತು, ನಾಚಿಕೆಗಿಂತ ಹೆಚ್ಚು ನನ್ನ ಮೇಲೇ ಸಿಟ್ಟು ಬಂತು. ಹೊರಗೆ ಬಂದು ಸಾಲಿನ ಕೊನೆಗೆ ನಿಂತೆ. ಪೊಲೀಸಿನವನು ಪಾಸ್ ನೋಡಿ, ನೀವು ಯಾವ ಮಗುವಿನ ತಾಯಿ ಎಂದು ಇಂಗ್ಲಿಷಿನಲ್ಲಿ ಕೇಳಿದ. ಯಾವ ಮಗುವಿನದೂ ಅಲ್ಲ, ಗಣಿತದ ಟೀಚರು ಎಂದೆ. ಹಾಗಾದರೆ ಸುಮ್ಮನೆ ಮನೆಗೆ ಹೋಗಿ ಎಂದ, ಪಾಪ. ನಾನು ಹೋಗಲಿಲ್ಲ. ಇಲ್ಲಿ ಇರುವವರನ್ನು ಇಲ್ಲವೆಂದು ಬರೆದದ್ದರಿಂದಲೇ ಇಷ್ಟೆಲ್ಲ ಆಗಿರುವುದು, ನನ್ನನ್ನೂ ಬರೆಯಿರಿ ಎಂದೆ. ಬರೆದ.

ಕುಮುದವಲ್ಲಿ ಸುಮ್ಮನೆ ಕೂರುವ ಹೆಂಗಸಲ್ಲ. ಅಷ್ಟೂ ದಂಡದ ಚೀಟಿಗಳನ್ನು ಇಲಾಖೆಗೆ ಕಳಿಸಿದರು, ಸರ್ಕಾರವೇ ಎಣಿಸಿದ ಪೋಷಕರು ಇವರು ಎಂದು ಮೇಲೊಂದು ಸಾಲು ಬರೆದು. ಪೊಲೀಸರ ಸಹಿಯಿದ್ದ ಚೀಟಿಯನ್ನು ನಿಯಮದ ಪ್ರಕಾರ ಇಲ್ಲವೆನ್ನಲು ಇಲಾಖೆಗೂ ಆಗಲಿಲ್ಲ. ಸಭೆ ಮತ್ತೆ ಕರೆದರು. ಈ ಸಲ ಗುಡ್ಡದ ಮೇಲೆ ಸೇರಲು ಪರವಾನಗಿಯನ್ನೂ ಇಲಾಖೆಯವರೇ ತೆಗೆಸಿಕೊಟ್ಟರು.

ನಿತ್ಯಾನಂದ ಒಂದು ವಾರ ನನ್ನೊಡನೆ ಮಾತು ಬಿಟ್ಟಿದ್ದರು. ಸಭೆಯ ದಿನ ಮಾತ್ರ ತಾವೇ ಕಾರು ತೆಗೆದರು. ದಾರಿಯುದ್ದಕ್ಕೂ ಗೊಣಗಿದರು. ಪಾಸ್ ರಿನ್ಯೂ ಇನ್ನೂ ಬಂದಿರಲಿಲ್ಲ, ಬರದಿದ್ದರೆ ಉಡುಪಿಗೆ ಹೋಗುವುದು, ಅಲ್ಲಿಯೂ ಮುಚ್ಚುತ್ತಿರುವ ಶಾಲೆಗಳಿಗೇನು ಬರವೇ ಎಂದೆ.

ಅಧಿಕಾರಿ ಚೀಟಿಗಳನ್ನು ಮುಂದಿಟ್ಟುಕೊಂಡು ಒಂದೊಂದೇ ಹೆಸರು ಓದಿದ. ಗುಡ್ಡದ ಮೇಲಿಂದ ಒಬ್ಬೊಬ್ಬರೇ ಎದ್ದು ನಿಂತು, ತಮ್ಮ ಮಕ್ಕಳು ದಿನವೂ ಅದೇ ಫೋನಿನ ಮುಂದೆ ಕೂಗುತ್ತಿದ್ದ ಹಾಗೆ, ಇದ್ದೇನೆ ಐಯಾ ಎಂದು ಕೂಗಿದರು. ರತ್ನಮ್ಮ ಎಲ್ಲರಿಗಿಂತ ಜೋರಾಗಿ ಕೂಗಿದಳು. ಅವನು ಬಹುಮತದ ಆಕ್ಷೇಪ ಎಂದು ಬರೆದುಕೊಂಡ. ಶಾಲೆ ಮುಂದಿನ ವರ್ಷವೂ ಅಲ್ಲೇ ತೆರೆಯಿತು, ಅದೇ ತೇಪೆಯ ಮಾಡಿನ ಕೆಳಗೆ. ತವಮಣಿ ಅಲ್ಲೇ ನಾಲ್ಕನೇ ಕ್ಲಾಸಿಗೆ ಹೋದಳು.

ಆ ದಿನದ ಸಭೆಯಲ್ಲಿ ಕೊನೆಯ ಚೀಟಿ ಕೈಗೆತ್ತಿಕೊಂಡು ಅಧಿಕಾರಿ ತಡವರಿಸಿದ. ಈ ಹೆಸರಿನ ಪೋಷಕರು ಪಟ್ಟಿಯಲ್ಲಿಲ್ಲ ಎಂದ. ಆದರೂ ಚೀಟಿಯಲ್ಲಿದ್ದ ಮೇಲೆ ಓದಲೇಬೇಕಲ್ಲ, ಓದಿದ.

ನಾನು ಎದ್ದು ನಿಂತೆ. ನಮ್ಮೂರ ಶಾಲೆಯಲ್ಲಿ ಬೆಂಚಿನ ತುದಿಯಿಂದ ಹೇಳುತ್ತಿದ್ದ ಹಾಗೇ ಹೇಳಿದೆ.

"ಹಾಜರ್, ಸಾರ್."