ಸರ್ಪಸುತ್ತಿಗೊಂದು ಮಾತ್ರೆ

ಹುಬ್ಬಿನ ಮೇಲೆ ಉರಿ ಮತ್ತೆ ಹರಿಯಿತು, ಕಾದ ಸೂಜಿಯ ಹಾಗೆ, ಕಣ್ಣಿನ ಕಡೆಗೇ — ಅಂಗೈಯ ಬೆವರಿಗೆ ಮಾತ್ರೆ ಅಂಟಿಕೊಂಡಿದೆ, ಸೇಸಮ್ಮ ಇನ್ನೂ ನುಂಗಿಲ್ಲ, ಕಣ್ಣಿಗಿಳಿದರೆ ದೃಷ್ಟಿ ಹೋದೀತು, ಇವತ್ತೇ ಶುರು ಮಾಡಿ ಅಂದರಲ್ಲ ಬಂಟ್ವಾಳದ ಡಾಕ್ಟರು, ಸರ್ಪಸುತ್ತಿಗೆ ಏನೋ ಇಂಗ್ಲಿಷ್ ಹೆಸರು ಹೇಳಿದರು, ಹೆಸರು ಬದಲಾದರೆ ಸರ್ಪ ಸರ್ಪವಲ್ಲವೇ, ಅವರು ಇದ್ದಿದ್ದರೆ ಇಷ್ಟೊತ್ತಿಗೆ ಕೆಮ್ಮಣ್ಣು ತೇಯುತ್ತಿದ್ದರು — ತೀರಿಹೋದ ಗಂಡನ ಹೆಸರು ಮನಸ್ಸಿನಲ್ಲೂ ಅವಳ ನಾಲಗೆಗೆ ಬರುವುದಿಲ್ಲ — ಬೆಳಗಾದರೆ ಅಂಗಳದಲ್ಲಿ ಸರ್ಪಸುತ್ತಿಗೆ ಮದ್ದು ಹಾಕಿಸಲು ಬಂದ ಜನ, ವಿಟ್ಲದವರು, ಬೆಳ್ತಂಗಡಿಯವರು, ಧರ್ಣಪ್ಪಣ್ಣ ಇದ್ದಾರಾ ಅಂತ, ಮೀನು ಮಾರುವ ಸುಲೈಮಾನ್ ಕೂಡ ಬನಿಯನ್ ಎತ್ತಿ ಹಿಡಿದು, ನನ್ನದು ಬ್ಯಾರಿ ಭಾಷೆಯ ಹಾವು, ನಿಮ್ಮ ತುಳು ಮಂತ್ರ ಅದಕ್ಕೆ ಅರ್ಥ ಆಗ್ತದಾ ಮಾರಾಯ್ರೇ ಅಂದು ನೋವಿನಲ್ಲೂ ನಗಿಸಿದ್ದ, ಕೆಮ್ಮಣ್ಣು ತುಂಬಿದ ತೆಂಗಿನ ಗೆರಟೆ ಹಿಡಿಯುವ ಕೆಲಸ ಅವಳದು, ಕೆಂಪಿನಲ್ಲಿ ಅದ್ದಿದ ಅವರ ಬೆರಳು ಸರ್ಪ ದಾಟದ ಹಾಗೆ ಗುಳ್ಳೆಗಳ ಮುಂದೆ ಮೆಲ್ಲಗೆ ಗೀಟು ಎಳೆಯುವುದು, ಅಂಗಳಕ್ಕೆ ಬಂದ ಹಾವಿಗೂ ಕೋಲೆತ್ತಿದವರಲ್ಲ, ನಾಗನಿಗೆ ತಂಬಿಲದ ಪೂಜೆ ಕೊಡುವ ಮನೆ, ಈಗ ಅವರ ಹೆಂಡತಿಯೇ ಮಾತ್ರೆ ನುಂಗಿ ಸರ್ಪವನ್ನು — ಮೊಮ್ಮಗಳು ಸಾತ್ವಿಕಾ ನೀರಿನ ಲೋಟ ಹಿಡಿದು ನಿಂತೇ ಇದ್ದಾಳೆ, ಮಿಜಾರಿನ ಕಾಲೇಜಿನಲ್ಲಿ ಫಾರ್ಮಸಿ ಓದುವವಳು, ಅವಳಲ್ಲಿ ಕೇಳಿಯೇ ಬಿಟ್ಟಳು, ಮಗಾ, ಇದು ಅದನ್ನು ಕೊಲ್ಲುದಾ? ಹುಡುಗಿ ನಗಲಿಲ್ಲ, ಪುಣ್ಯ. ಅದು ಹಾವಲ್ಲ ಅಜ್ಜಿ, ವೈರಸ್, ಸಣ್ಣದಿರುವಾಗ ನಿಮಗೆ ಚಿಕನ್‌ಪಾಕ್ಸ್ ಆಗಿತ್ತಲ್ಲ, ಅದೇ ನರದಲ್ಲಿ ಮಲಗಿದ್ದು ಈಗ ಎದ್ದಿದೆ, ತನ್ನಂಥದ್ದನ್ನೇ ಕಟ್ಟುತ್ತಾ ಉಂಟು, ಕಟ್ಟಲಿಕ್ಕೆ ಅದರ ಹತ್ತಿರ ಕಿಣ್ವ ಅಂತ ಉಂಟು, ನೀವು ಮಲ್ಲಿಗೆ ಕಟ್ಟುವ ಕೈ ಇದ್ದ ಹಾಗೆ, ಮಾತ್ರೆ ಆ ಕೈಗೆ ಒಂದು ಸುಳ್ಳು ಹೂವು ಕೊಡ್ತದೆ, ಗೊತ್ತಾಗದೆ ಕಟ್ಟಿಬಿಡ್ತದೆ, ಅದರ ಮುಂದೆ ಇನ್ನೊಂದು ಹೂವು ನಿಲ್ಲುದಿಲ್ಲ, ಮಾಲೆ ಅಲ್ಲಿಗೇ ಮುಗಿಯಿತು. ಕೊಲ್ಲುದಿಲ್ಲ. ಉಳಿದದ್ದು ವಾಪಸು ನರದೊಳಗೆ ಹೋಗಿ ಮಲಗ್ತದೆ. ಮಲಗಲಿ, ಬಿಲ ಸೇರಲಿ, ನಾಗಸ್ವಾಮೀ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೋ — ನುಂಗಿದಳು, ಗಂಟಲಿನಲ್ಲಿ ಕಹಿ, ನೀರು, ಸಾತ್ವಿಕಾಳ ಕೈ ಬೆನ್ನ ಮೇಲೆ, ಆದರೆ ಊರವರ ಮೈಗೆಲ್ಲ ಎಳೆದ ಆ ಬೆರಳು ತನ್ನ ಹಣೆಗೆ ಮಾತ್ರ ಒಮ್ಮೆಯೂ ತಾಗಲಿಲ್ಲ — ತಣ್ಣಗಿದ್ದಿರಬೇಕು, ತಾಗಿದ ಕೂಡಲೇ ಎಲ್ಲರೂ ಹಾ ಅನ್ನುತ್ತಿದ್ದರಲ್ಲ, ಗೆರಟೆ ಹಿಡಿದವಳಿಗೆ ಅದು ಹೇಗೆ ಗೊತ್ತು — ಕಣ್ಣು ಮುಚ್ಚಿದರೆ ಹುಬ್ಬಿನ ಹತ್ತಿರವೇ ಆ ಬೆರಳು, ತುದಿಯಲ್ಲಿ ಕೆಮ್ಮಣ್ಣಿನ ಹನಿ, ಬೀಳದೆ, ತಾಗದೆ — ಬೆರಳು — ಹನಿ —