ಪುತಳಾಬಾಯಿಯ ಬೇರೆ ಒಲೆ

ಪುತಳಾಬಾಯಿಗೆ ಬೆಳಗಿನಿಂದ ನಿಂತಲ್ಲಿ ನಿಲ್ಲಲಾಗುತ್ತಿಲ್ಲ, ಕೂತಲ್ಲಿ ಕೂರಲಾಗುತ್ತಿಲ್ಲ. ವಿಧವಾ ಪಿಂಚಣಿಯ ವಿಚಾರಣೆಗೆ ಕಂದಾಯ ಇಲಾಖೆಯ ಗಿರ್ದಾವರ ಸಾಹೇಬರು ಕಮಲಾಪುರದ ಆಕೆಯ ಮನೆಗೇ ಬರುವವರಿದ್ದರು. ಗಂಡ ಹೋದಾಗಿನಿಂದ ಆಕೆ ಇರುವುದು ಭಾವನ ಮಗ ಜಯತೀರ್ಥನ ಮನೆಯಲ್ಲಿ. ಹಪ್ಪಳ, ಸಂಡಿಗೆ ಮಾರಿದ್ದು ಆಕೆಯ ಅಕ್ಕಿ ಬೇಳೆಗೇ ಸರಿಹೋಗುತ್ತಿತ್ತು. ಮಾಸ್ತರನಾದ ಜಯತೀರ್ಥ ಒಳ್ಳೆಯವನೇ, ಕೇಳಿದ್ದಕ್ಕೆ ಇಲ್ಲ ಅಂದವನಲ್ಲ. ಆದರೆ ಕೇಳಬೇಕಲ್ಲ! ಹೆಂಗಸರಿಗೆ ಬಸ್ ಇನ್ನೂ ಪುಕ್ಕಟೆಯಾಗಿರದ ಕಾಲ, ಕಲಬುರಗಿಯ ಬಸ್ ಚಾರ್ಜಿಗೂ ಕೈ ಚಾಚಬೇಕು. ಒಮ್ಮೆಯಾದರೂ ಯಾರನ್ನೂ ಕೇಳದೆ ಅಲ್ಲಿಯ ಸೂಪರ್ ಮಾರ್ಕೆಟ್ ಬಜಾರು ಸುತ್ತಿ ಬರಬೇಕೆಂಬುದೇ ಆಕೆಯ ಆಸೆ.

ಜಯತೀರ್ಥನಿಗೂ ಹುರುಪು. ಬುದ್ಧಿವಂತಿಕೆ ಮಾತ್ರ ತುಸು ಹೆಚ್ಚಾಯಿತೆನ್ನಿ.

"ಕಾಕು, ಒಂದ ಮನ್ಯಾಗ ಎರಡು ಒಲಿ ಕಂಡ್ರ ಭಾಳ ಇದ್ದವರು ಅಂತ ತಿಳೀತಾರ," ಎಂದು ಆಕೆಯ ಮಡಿ ಅಡುಗೆಯ ಶೇಗಡಿ ಒಲೆಯನ್ನು ಹಿತ್ತಲ ಕಟ್ಟಿಗೆ ರಾಶಿಯ ಹಿಂದೆ ಬಚ್ಚಿಟ್ಟುಬಿಟ್ಟ.

ಗಿರ್ದಾವರ ಇನಾಯತ್ ಬಂದು ಪಡಸಾಲೆಯಿಂದಲೇ ಒಳಗೆ ಕಣ್ಣಾಡಿಸಿದರು.

"ಇರೋದೊಂದ ಒಲಿ. ಅಂದ್ರ ಇವರು ನಿಮ್ಮ ಅವಲಂಬಿತರು, ಮಾಸ್ತರ್. ಪಗಾರದವರ ಒಲಿ ಮ್ಯಾಲೆ ಉಣ್ಣೋರಿಗೆ ಪಿಂಚಣಿ ಬರಂಗಿಲ್ರೀ."

ಪುತಳಾಬಾಯಿಗೆ ಸೂಪರ್ ಮಾರ್ಕೆಟ್ ಕೈತಪ್ಪಿದಂತಾಯಿತು. ಅಷ್ಟರಲ್ಲಿ ಜಯತೀರ್ಥನ ಹೆಂಡತಿ ಚಹಾ ತಂದಳು.

"ನೀವೂ ತಗೋರಿ, ಅಮ್ಮಾ," ಎಂದರು ಇನಾಯತ್, ಸಮಾಧಾನಕ್ಕೆ.

"ಆ ಒಲಿ ಮ್ಯಾಲಿಂದು ನಾ ಹೆಂಗ ಕುಡೀಲ್ರೀ?" ಜೀವ ಹೋಗುವಾಗಲೂ ಮಡಿ ಬಿಟ್ಟಾಳೇ ಆಕೆ! "ನಮ್ಮವರು ಹೋದಾಗಿಂದ ನನ್ನ ಅಡಗಿ ನಾನ ಮಾಡ್ಕೊಂಡು ಉಣ್ತೀನಿ. ಹಪ್ಪಳ ಮಾರಿದ ರೊಕ್ಕದಾಗ."

ಇನಾಯತ್ ಬಾಯಿಗೆತ್ತಿದ ಕಪ್ಪು ಕೆಳಗಿಟ್ಟರು. "ಮತ್ತ ನಿಮ್ಮ ಒಲಿ ಎಲ್ಲದರೀ?"

ಜಯತೀರ್ಥ ಜಂತಿ ಎಣಿಸತೊಡಗಿದ. ಪುತಳಾಬಾಯಿ ಹಿತ್ತಲಿಗೆ ಓಡಿದಳು. ಸೀರೆಗೆ ಬೂದಿ ಬಡಿದದ್ದೂ ತಿಳಿಯಲಿಲ್ಲ, ಶೇಗಡಿಯನ್ನು ತಂದು ಗಿರ್ದಾವರರ ಮುಂದೆಯೇ ಇಟ್ಟಳು.

ಇನಾಯತ್ ನಕ್ಕುಬಿಟ್ಟರು. "ಒಲಿ ಬ್ಯಾರೆ ಅಂದ್ರ ಸಂಸಾರ ಬ್ಯಾರೆ. ಇದನ್ನ ನೋಡಾಕಂತನ ನಾ ಬಂದೀನಿ, ನೀವು ಇದನ್ನ ಮುಚ್ಚಿಟ್ಟೀರಲ್ರೀ ಮಾಸ್ತರ್! ಅಮ್ಮಾ, ನಿಮ್ಮ ಪಿಂಚಣಿ ಆತು ಅಂತ ತಿಳ್ಕೋರಿ."

ಪುತಳಾಬಾಯಿಗೆ ಆ ಹೊತ್ತು ಕುಣಿಯಬೇಕೆನಿಸಿತು. ಮಡಿ ಸೀರೆ ತಡೆಯಿತು, ಅಷ್ಟೇ.

ಮೊದಲ ಪಿಂಚಣಿ ಕೈಗೆ ಬಂದ ದಿನವೇ ಆಕೆ ಬಸ್ ಹತ್ತಿದಳು. ಕಲಬುರಗಿಯಲ್ಲಿ ಕೆಲಸವಿದ್ದ ಜಯತೀರ್ಥನೂ ಪಕ್ಕದಲ್ಲಿ ಕೂತ. ಕಂಡಕ್ಟರ್ ಬಂದೊಡನೆ ರೂಢಿಯಂತೆ ಜೇಬಿಗೆ ಕೈ ಹಾಕಿದ. ಪುತಳಾಬಾಯಿ ಆ ಕೈ ಹಿಡಿದು ನಿಲ್ಲಿಸಿ, ಸೆರಗಿನ ಗಂಟು ಬಿಚ್ಚಿದಳು.

"ಕಲಬುರಗಿಗೆ ಎರಡು ಕೊಡ್ರೀ," ಎಂದಳು, ಇಡೀ ಬಸ್ಸಿಗೆ ಕೇಳುವಂತೆ. "ಇವತ್ತ ಇಂವ ನನ್ನ ಅವಲಂಬಿತ."