ಬಡಾಯಿಯಿಂದ ಬಂದ ಬಾಡಿಗೆ

ಲೋಕದ ಆಗುಹೋಗುಗಳ ಮೇಲೆ ಕಣ್ಣಿಟ್ಟವರೆಲ್ಲ ಗಂಭೀರವಾಗಿ ಗಮನಿಸಬೇಕಾದ ಸಂಗತಿಯೊಂದಿದೆ: ಒಂದು ಬೀದಿಯ ಸೇವಾ ಕ್ಲಬ್ಬಿನ ಸದಸ್ಯರು ಸಭೆಗೆ ಹೊತ್ತಿಗೆ ಸರಿಯಾಗಿ ಬರತೊಡಗಿದರು.

ಇದರಿಂದ ಕ್ಲಬ್ಬು ದಿವಾಳಿಯ ಅಂಚಿಗೆ ಬಂತು. ಹುಟ್ಟಿದಾಗಿನಿಂದ ಅದು ಬದುಕಿದ್ದೇ ದಂಡದ ಮೇಲೆ. ತಡವಾಗಿ ಬಂದರೆ ದಂಡ, ಸಭೆಯಲ್ಲಿ ಫೋನು ಕಿಣಿಗುಟ್ಟಿದರೆ ದಂಡ, ತಮ್ಮ ಮನೆಯವರ ಬಗ್ಗೆ ಬಡಾಯಿ ಕೊಚ್ಚಿದರೆ ಎರಡು ಪಟ್ಟು. ಚಂದಾ ಎಂದರೆ ಕಿಸೆ ಹೊಲಿದುಕೊಂಡು ಕೂರುವ ಜನ, ದಂಡ ಎಂದರೆ ಹಲ್ಲು ಕಿರಿಯುತ್ತ ಕೊಡುತ್ತಿದ್ದರು. ಆ ಚಿಲ್ಲರೆಯಿಂದಲೇ ಮೊದಲು ಒಂದು ಜೊತೆ ಊರುಗೋಲು, ಆಮೇಲೆ ಒಂದು ಗಾಲಿಕುರ್ಚಿ, ಬರಬರುತ್ತ ಬಾಡಿಗೆಯ ಕೋಣೆ ತುಂಬ ಗಾಲಿಕುರ್ಚಿಗಳು ಬಂದವು. ಕಾಲು ಮುರಿದುಕೊಂಡವರು ಅವನ್ನು ಬಿಟ್ಟಿಯಾಗಿ ಒಯ್ದು, ವಾಸಿಯಾದ ಮೇಲೆ ನಡೆದುಕೊಂಡೇ ತಂದುಕೊಡುತ್ತಿದ್ದರು.

ಇದನ್ನೆಲ್ಲ ಕಟ್ಟಿ ನಿಲ್ಲಿಸಿದವರು ಖಜಾಂಚಿ ದರ್ಜಿಯಕ್ಕ. ಅವರ ಗಂಡ ಕೊನೆಯ ವರ್ಷವನ್ನೆಲ್ಲ ಇಂಥದೊಂದು ಕುರ್ಚಿಯಿಲ್ಲದೆ, ಹಾಸಿಗೆಯಲ್ಲೇ ಸೂರು ನೋಡುತ್ತ ಕಳೆದಿದ್ದರು. ಅಕ್ಕ ಅದನ್ನು ಯಾರೆದುರೂ ಆಡಿದವರಲ್ಲ, ಮರೆತವರೂ ಅಲ್ಲ.

ಹೊಸ ಅಧ್ಯಕ್ಷರು ಗಡಿಯಾರ ರಿಪೇರಿಯವರು. ಅವರ ಶಿಸ್ತಿಗೆ ಸದಸ್ಯರು ತಲೆಬಾಗಿದರು; ದಂಡದ ಡಬ್ಬಿ ಬರಿದಾಯಿತು. ಕೋಣೆಯ ಬಾಡಿಗೆ ಬಾಕಿ ಬೆಳೆಯಿತು. ಈ ವಾರ ಕಟ್ಟದಿದ್ದರೆ ಬೀಗ ಎಂದು ಮಾಲೀಕರು ಹೇಳಿ ಕಳಿಸಿದರು.

"ಎಲ್ಲಾರೂ ಸ್ವಲ್ಪ ಸ್ವಲ್ಪ ಚಂದಾ ಹಾಕೋಣ್ವಾ?" ಎಂದು ಅಕ್ಕ ಸಭೆಯಲ್ಲಿ ಕೇಳಿದರು.

ಬೇಕರಿಯವರು ಫ್ಯಾನನ್ನು ದಿಟ್ಟಿಸಿದರು. ಊರವರ ಬಾಯೆಲ್ಲ ತೆರೆಸುವ ಹಲ್ಲಿನ ಡಾಕ್ಟರು ತಮ್ಮದನ್ನು ಮುಚ್ಚಿಕೊಂಡರು.

ಇಷ್ಟು ವರ್ಷ ಒಂದು ಕಾಸೂ ದಂಡ ತೆರದ ದರ್ಜಿಯಕ್ಕ ಎದ್ದು ನಿಂತು ಗಂಟಲು ಸರಿಮಾಡಿಕೊಂಡರು.

"ನನ್ನ ಸೊಸೆಯಂಥ ಸೊಸೆ ಈ ಭೂಮಿ ಮೇಲೆ ಇನ್ನೊಬ್ಬಳಿಲ್ಲ!"

ಅಧ್ಯಕ್ಷರು ಕನ್ನಡಕ ಮೇಲೇರಿಸಿದರು. "ಅಕ್ಕಾ, ಇದು ಬಡಾಯಿ ಆಗುತ್ತೆ. ಎರಡು ಪಟ್ಟು."

"ಹಾಕಿ, ಹಾಕಿ. ಇನ್ನೂ ಮುಗಿದಿಲ್ಲ. ನನ್ನ ಮೊಮ್ಮಗಳು ತೊದಲೋಕೆ ಶುರು ಮಾಡಿದ್ದೇ ಮಗ್ಗಿಯಿಂದ!" ಅಕ್ಕ ಡಬ್ಬಿಗೆ ನೋಟು ತುರುಕಿದರು.

ಬೇಕರಿಯವರಿಗೆ ತಡೆಯಲಾಗಲಿಲ್ಲ. "ಅದೇನು ಮಹಾ! ನನ್ನ ಮಗ ಫೇಲಾದ್ರೂ ಫೇಲಾದೋರಲ್ಲಿ ಫಸ್ಟು!"

"ಕೂತ್ಕೊಳ್ರೀ ಸಾಕು," ಎಂದು ಡಾಕ್ಟರು ಎದ್ದರು. "ನಮ್ಮತ್ತೆಗೆ ಎಂಬತ್ತಾಯ್ತು, ಒಂದು ಹಲ್ಲೂ ಅಲ್ಲಾಡಿಲ್ಲ. ನಾಲಿಗೆ ಮಾತ್ರ ನಿಂತಿದ್ದೇ ಇಲ್ಲ!"

ಅಲ್ಲಿಂದ ಮುಂದೆ ಯಾರೂ ತಮ್ಮ ಮನೆಯ ಬೆಕ್ಕನ್ನೂ ಹೊಗಳದೆ ಬಿಡಲಿಲ್ಲ. ದಂಡ ಕೂಗಿ ಕೂಗಿ ದಣಿದ ಅಧ್ಯಕ್ಷರು ಕೊನೆಗೆ ತಮ್ಮ ತಾತನ ಕೈಗುಣವನ್ನು ಕೊಂಡಾಡಿ ತಾವೂ ತೆತ್ತರು. ಅಕ್ಕ ಎಲ್ಲರ ಮುಖವನ್ನೂ ನೋಡಿದರು. ಕೊಟ್ಟೆವೆಂಬ ಬಿಗುಮಾನ ಒಂದರಲ್ಲೂ ಇರಲಿಲ್ಲ.

ಮರುದಿನ ದರ್ಜಿಯಕ್ಕ ಬಾಡಿಗೆ ಕಟ್ಟಿದರು. ಕೋಣೆಗೆ ಬೀಗ ಬೀಳಲಿಲ್ಲ.